ಇಂದುಬಾಯಿಯ ಮೇಲಿನ ಖೋಲಿ

ಮಗಳಿಗೆ ಪುಣೆಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕ ಸುದ್ದಿಯನ್ನು ಧರ್ಮರಾಜ ಹೊರಗಿನವರಲ್ಲಿ ಮೊದಲು ಹೇಳಿದ್ದು ಪರಪ್ಪಗೌಡರಿಗೆ. ಹೇಳಬೇಕೆಂದೇ ಹೋದದ್ದಲ್ಲ. ಅವನು ಮಸೂತಿ ಪಂಚಾಯತಿಯ ವಾಟರ್‌ಮನ್. ಗೌಡರ ಓಣಿಗೆ ನೀರು ಬಿಟ್ಟ ಮೇಲೆ ಅವರ ಮನೆಯ ನಳಕ್ಕೆ ನೀರು ಏರಿತೋ ಇಲ್ಲವೋ ನೋಡಿಬರುವುದು ರೂಢಿ. ಆವತ್ತು ಗೌಡರು ದನದ ಕೊಟ್ಟಿಗೆಯ ಮುಂದೆ ಹೊರಸಿನ ಮೇಲೆ ಕೂತಿದ್ದರು.

"ಏನಪಾ ಧರ್ಮಾ, ಮಗಳು ಏನ ಮಾಡಾಕತ್ತಾಳ?"

"ಡಿಗ್ರಿ ಮುಗೀತ್ರಿ. ಪುಣೆದಾಗ ಎಮ್ಮೆಸ್ಸಿ ಸೀಟ್ ಸಿಕ್ಕೈತ್ರಿ. ಭೂಗರ್ಭಶಾಸ್ತ್ರ ಅಂತ."

"ಅಂದ್ರ?"

"ಕಲ್ಲು, ಮಣ್ಣು, ನೆಲದಾಗಿನ ನೀರು... ಅದರ ಬಗ್ಗೆ ಓದೂದಂತ್ರಿ."

"ಹಂಗಾದ್ರ ಅಪ್ಪ ಮ್ಯಾಲಿನ ನೀರು ಬಿಡ್ತಾನ, ಮಗಳು ಕೆಳಗಿನ ನೀರು ಹುಡುಕ್ತಾಳ ಅನ್ನು! ನಮ್ಮ ಹೊಲದಾಗಿನ ಬೋರ್ ಎಲ್ಲಾ ಕೆಟ್ಟು ಕುಂತಾವು. ಲಗೂ ಕಲಿಸಿ ಕರಕೊಂಡು ಬಾ ಅಕಿನ್ನ."

ಗೌಡರು ಖುಷಿಯಿಂದಲೇ ನಕ್ಕರು. ಒಳಗೆ ಕೂಗಿ ಚಹಾ ಹೇಳಿದರು. ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಹಿಡಿ ಮುರಿದ ಪಿಂಗಾಣಿ ಕಪ್ಪೊಂದು ಇರುತ್ತಿತ್ತು. ಧರ್ಮರಾಜ ಅದನ್ನು ತಾನೇ ತೆಗೆದು ಮುಂದೆ ಹಿಡಿದ. ಗೌಡರ ಸೊಸೆ ಮೇಲಿನಿಂದ ಚಹಾ ಸುರಿದು ಹೋದಳು. ಕುಡಿದಾದ ಮೇಲೆ ಅವನು ನಳದ ಕೆಳಗೆ ಕಪ್ಪು ತೊಳೆದು ಗೂಡಿನಲ್ಲಿ ಬೋರಲು ಹಾಕಿದ. ಹಾಗೆ ಮಾಡು ಎಂದು ಅವನಿಗೆ ಯಾರೂ ಹೇಳಿದ್ದಿಲ್ಲ. ಹೇಳಿದ್ದರೆ ಅವನ ಅಪ್ಪನಿಗೋ ಅಜ್ಜನಿಗೋ ಹೇಳಿರಬೇಕು. ಊರ ಹೋಟೆಲಿಗೆ ಕಾಗದದ ಕಪ್ಪು ಬಂದ ಮೇಲೆ ಅಲ್ಲಿ ಈ ರಗಳೆ ತಾನಾಗಿ ಮುಗಿದಿತ್ತು. ಗೌಡರ ಮನೆಯಲ್ಲಿ ಉಳಿದಿತ್ತು. ಬಾಗಿಲ ಮುಂದೆ ಚಪ್ಪಲಿ ಬಿಟ್ಟಷ್ಟೇ ಸಹಜವಾಗಿ ಅವನ ಕೈ ಅದನ್ನು ಮಾಡುತ್ತಿತ್ತು.

ಪುಣೆಯಲ್ಲಿ ಹಾಸ್ಟೆಲು ಸಿಗುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಅಲ್ಲಿಗೆ ಹೋಗಿ ಫೀ ತುಂಬಿದ ಮೇಲೆ, ಹೊರರಾಜ್ಯದವರಿಗೆ ಇಟ್ಟ ಜಾಗವೆಲ್ಲ ತುಂಬಿದೆ, ಮುಂದಿನ ವರ್ಷ ನೋಡೋಣ ಎಂದರು. ಅಪ್ಪ ಮಗಳು ಸ್ಟೇಷನ್ನಿನ ಹತ್ತಿರ ಒಂದು ಧರ್ಮಶಾಲೆಯಲ್ಲಿ ಇಳಿದುಕೊಂಡು ಖೋಲಿ ಹುಡುಕತೊಡಗಿದರು. ಹೆಂಡತಿ ಗುಂಡವ್ವ ಕಟ್ಟಿಕೊಟ್ಟ ಕಟಕ್ ರೊಟ್ಟಿಯ ಗಂಟು ದಿನದಿನಕ್ಕೆ ಸಣ್ಣದಾಗುತ್ತಿತ್ತು. ಪೇಟೆಯ ಬಾಡಿಗೆ ಕೇಳಿದರೆ ಧರ್ಮರಾಜ ಸುಮ್ಮನೆ ತಲೆ ತಗ್ಗಿಸಿ ಮೆಟ್ಟಿಲಿಳಿಯುತ್ತಿದ್ದ. ಅದರಲ್ಲಿ ನಾಚಿಕೆಯೇನಿರಲಿಲ್ಲ, ಕೈಗೆ ನಿಲುಕದ್ದು ನಿಲುಕದು. ಕಷ್ಟವಾದದ್ದು ನಿಲುಕುವಂಥ ಖೋಲಿಗಳಲ್ಲೇ.

ಮೊದಲನೆಯದರಲ್ಲಿ ಮನೆಯೊಡೆಯ ಹೆಸರು ಕೇಳಿದ. ಸೌಂದರ್ಯಾ ಅಂದಳು. ಪೂರ್ತಿ ಹೆಸರು ಎಂದ. ಸೌಂದರ್ಯಾ ಕಾಂಬಳೆ ಅಂದಳು. ಹೆಣ್ಣುಮಕ್ಕಳಿಗೆ ಕೊಡುವುದಿಲ್ಲ ಎಂದು ಅವನಿಗೆ ಆಗ ನೆನಪಾಯಿತು. ಎರಡನೆಯದರಲ್ಲಿ, ನಮ್ಮದು ಶಾಕಾಹಾರಿ ಮನೆ ಎಂದರು. ನಾನು ಇಲ್ಲಿ ಅನ್ನ-ಸಾರಷ್ಟೇ ಮಾಡಿಕೊಳ್ಳುತ್ತೇನೆ ಎಂದು ಅವಳು ತನಗೆ ಬಂದ ಹಿಂದಿಯಲ್ಲಿ ಹೇಳಿ ನೋಡಿದಳು. ಮಾಡುವ ಮಾತಲ್ಲ, ಮಂದಿಯ ಮಾತು ಎಂದು ಆ ಮನೆಯ ಅಜ್ಜಿ ಮೃದುವಾಗಿಯೇ ಅಂದಳು.

ಮೂರನೆಯದು ಕಾಲೇಜಿನಿಂದ ನಡೆದುಹೋಗುವಷ್ಟು ಹತ್ತಿರವಿತ್ತು. ಮನೆಯ ಹಿರಿಯ ಒಳ್ಳೆಯ ಮಾತಿನವನು. ಬಾಡಿಗೆಯ ಮಾತೆಲ್ಲ ಮುಗಿದು, ಸೌಂದರ್ಯಾ ಮೇಲೆ ಹೋಗಿ ಚೀಲ ಇಟ್ಟು ಕಿಟಕಿ ತೆಗೆದು, ಅಪ್ಪಾ ಇಲ್ಲಿಂದ ಗುಡ್ಡ ಕಾಣಸ್ತೈತಿ ಎಂದು ಕೂಗಿ ಹೇಳಿದ್ದಳು. ಆಮೇಲೆ ಆಧಾರ್ ಕಾರ್ಡು ಕೇಳಿದರು. ಹಿರಿಯ ಕನ್ನಡಕ ಏರಿಸಿ ಕಾರ್ಡು ನೋಡಿದ, ಒಂದು ನಿಮಿಷ ಎಂದು ಒಳಗೆ ಹೋದ. ಹೊರಗೆ ಬಂದಾಗ, ತಮ್ಮನ ಮಗಳು ಊರಿಂದ ಬರುವವಳಿದ್ದಾಳೆ, ತನಗೆ ಮರೆತೇ ಹೋಗಿತ್ತು ಎಂದ. ಮಗಳು ಚೀಲ ತರಲು ಮತ್ತೆ ಮೆಟ್ಟಿಲು ಹತ್ತಿದಳು. ತೆಗೆದ ಕಿಟಕಿಯನ್ನು ಅವಳು ಮುಚ್ಚುವ ಸಪ್ಪಳ ಕೆಳಗೆ ನಿಂತ ಧರ್ಮರಾಜನಿಗೆ ಕೇಳಿಸಿತು.

ದಾರಿಯಲ್ಲಿ ಅವನು ಅಂದ, "ಮುಂದಿನ ಮನ್ಯಾಗ ನೀ ಮಾತಾಡಬ್ಯಾಡ. ನಾ ಮಾತಾಡ್ತೇನಿ."

"ನಿನಗ ಮರಾಠಿ ಎಲ್ಲಿ ಬರ್ತೈತಪಾ?"

"ಬರ್ಲಿಲ್ಲಂದ್ರ ಬರ್ಲಿಲ್ಲ. ಸುಮ್ನಿರು ನೀ."

ಮರಾಠಿ ಬೇಕಾಗಲಿಲ್ಲ. ಕಾಲೇಜಿನ ಗೇಟಿನ ಹತ್ತಿರ ಬಾಳೆಹಣ್ಣಿನ ಗಾಡಿಯವನೊಬ್ಬ ಇವರ ಮಾತು ಕೇಳಿ, "ಯಾವೂರ್ರಿ ಮಾಮಾ? ನಮ್ಮ ಕಡೆಯವ್ರಿದ್ದಂಗ ಅದೀರಿ?" ಎಂದು ತಾನೇ ಕರೆದ. ಅವನ ಹೆಸರು ಕಾಸಿಂಸಾಬ, ಸಿಂದಗಿಯವನು. ಎರಡು ಹಣ್ಣು ಮುರಿದು ಕೈಗೆ ಕೊಟ್ಟು, ಬೇಡವೆಂದರೂ ಬಿಡದೆ, ಖೋಲಿ ಹುಡುಕುವ ಕತೆಯನ್ನೆಲ್ಲ ಕೇಳಿದ.

"ಹೆಸರು ಕೇಳಿ ಬಾಗಲಾ ಹಾಕೂದು ನಿಮಗೊಬ್ರಿಗೇ ಅಂತ ತಿಳೀಬ್ಯಾಡ್ರಿ. ನಾ ಈ ಊರಾಗ ಖೋಲಿ ಹುಡುಕೂದ್ರಾಗ ಗಾಡಿಗಾಲಿ ಸವದ್ವು. ಇರ್ಲಿ ಬಿಡ್ರಿ. ಸಾಲೋಟಗ್ಯಾಕಿ ಒಬ್ಬಾಕಿ ಅದಾಳ, ಇಂದುಬಾಯಿ ಅಂತ. ಗಂಡ ಇಲ್ಲ, ಮಗ ಎಲ್ಲೋ ನೌಕರಿ. ಮ್ಯಾಲ ಒಂದು ಖೋಲಿ ಐತಿ. ಹೆಣ್ಣುಹುಡುಗ್ಯಾರಿಗೇ ಕೊಡ್ತಾಳ. ಬಾಯಿ ಜೋರು, ಮನಸು ಛಲೋ. ಸಂಜೀ ದೀಪ ಹಚ್ಚೂದ್ರಾಗ ಹುಡುಗಿ ಬರ್ಲಿಲ್ಲಂದ್ರ ಬಡಿಗಿ ತಗೊಂಡು ಬಸ್ ಸ್ಟಾಪಿಗೇ ಬರ್ತಾಳ."

"ಹಂಗಿದ್ರ ಭಾಳ ಚೊಲೋ ಆತಪಾ," ಅಂದ ಧರ್ಮರಾಜ. ಆಕೆ ಯಾವ ಮಂದಿ ಎಂದು ಕೇಳಲು ಬಾಯಿ ತೆರೆದು, ಮಗಳ ಮುಖ ನೋಡಿ ಮುಚ್ಚಿಕೊಂಡ.

ಇಂದುಬಾಯಿಯ ಮನೆ ಸಾಲುಮನೆಗಳ ಒಂದು ಹಳೆಯ ಚಾಳಿನ ಕೊನೆಗಿತ್ತು. ಮುಂದೆ ಸಣ್ಣ ಅಂಗಳ, ಅಂಗಳದಲ್ಲಿ ನಳ, ಬಟ್ಟೆ ಒಗೆಯುವ ಕಲ್ಲು. ಗೋಡೆಗೆ ಹತ್ತಿದಂತೆ ಹೊರಗಿನಿಂದಲೇ ಮೇಲಿನ ಖೋಲಿಗೆ ಕಬ್ಬಿಣದ ಮೆಟ್ಟಿಲು. ಆಕೆ ಐವತ್ತು ದಾಟಿದ, ಅಡ್ಡ ಮೈಯ ಹೆಂಗಸು. ಸಾಲೋಟಗಿ ಬಿಟ್ಟು ಬಹಳ ವರ್ಷವಾಗಿದ್ದರೂ ಮಾತು ಇನ್ನೂ ಅಲ್ಲಿಯದೇ.

"ಬರ್ರಿ, ಕುಂದರ್ರಿ. ನಮ್ಮ ಕಡಿ ಮಾತು ಕೇಳಿ ಎಷ್ಟು ದಿನಾ ಆತು! ಯಾವೂರಂದ್ರಿ?"

"ಬಾಗೇವಾಡಿ ತಾಲೂಕ್ರಿ, ಮಸೂತಿ."

"ಹೆಸರೇನ್ರಿ ಅಣ್ಣಾರದು?"

ಅವನು ಒಂದು ಕ್ಷಣ ನಳದ ಕಡೆ ನೋಡಿದ. "ಧರ್ಮರಾಜಗೌಡ ಅಂತಾರ್ರಿ. ಮಸೂತಿ ಪರಪ್ಪಗೌಡ್ರು ಅಂದ್ರ ನಮ್ಮ ಕಾಕಾ ಆಗಬೇಕು."

ಸೌಂದರ್ಯಾ ತಟ್ಟನೆ ಅಪ್ಪನನ್ನು ನೋಡಿದಳು. ಅವನು ಅವಳ ಕಡೆ ತಿರುಗಲಿಲ್ಲ.

ಇಂದುಬಾಯಿಯ ಮುಖದ ಮೇಲಿನ ನಗು ಅಲ್ಲೇ ಇತ್ತು, ಆದರೆ ಅದರೊಳಗಿನದು ಏನೋ ಹಿಂದಕ್ಕೆ ಸರಿಯಿತು. ಸೆರಗು ಹೆಗಲ ಮೇಲೆ ಎಳೆದುಕೊಂಡಳು. "ಹೌದ್ರ್ಯಾ? ಗೌಡ್ರ ಮನೆತನ... ನಮ್ಮ ಖೋಲಿ ಸಣ್ಣದ್ರಿ. ನಿಮಗ ಹಿಡಸ್ತೈತೋ ಇಲ್ಲೋ."

"ಹಿಡಸ್ತೈತ್ರಿ. ಹುಡುಗಿಗೆ ಧೈರ್ಯದ ಜಾಗಾ ಬೇಕು, ಅಷ್ಟ."

ಆಕೆ, "ಚಹಾ ಕುಡೀತೀರೇನ್ರಿ, ನಮ್ಮನ್ಯಾಗ?" ಎಂದು ಕೇಳಿದಳು.

ಎಂಥ ಪ್ರಶ್ನೆ ಅದು! ಮಸೂತಿಯಲ್ಲಿ ಅವನ ಮನೆಗೆ ಹೊಸ ಮೇಷ್ಟ್ರು ಬಂದರೆ, ಮನೆಪಟ್ಟಿಯ ಸಾಹೇಬರು ಬಂದರೆ, ಗುಂಡವ್ವ ಇದೇ ಮಾತನ್ನು ಇದೇ ದನಿಯಲ್ಲಿ ಕೇಳುತ್ತಿದ್ದಳು. ಮನೆಯವರು ಅತಿಥಿಗೆ ಚಹಾ ಕುಡಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕುಡಿಯುತ್ತೀರಾ ಎಂದು ಕೇಳುವವರು ಬೇರೆ. ಆದರೆ ಸುಳ್ಳು ಹೇಳಿದವನ ಕಿವಿ ತನ್ನ ಸುಳ್ಳನ್ನೇ ಕೇಳಿಸಿಕೊಳ್ಳುತ್ತಿರುತ್ತದೆ. "ಯಾಕ ಕುಡ್ಯಂಗಿಲ್ರಿ, ತರ್ರಿ," ಅಂದ.

ಚಹಾ ಬಂತು, ಹೂವಿನ ಚಿತ್ರದ ಹೊಸ ಕಪ್ಪಿನಲ್ಲಿ. ಅವನು ಅಂಗಳದ ಕಟ್ಟೆಯ ಮೇಲೆ ಕೂತ. ಇಂದುಬಾಯಿ ಸೌಂದರ್ಯಾಳನ್ನು ಕರೆದುಕೊಂಡು ಮೆಟ್ಟಿಲು ಹತ್ತಿದಳು. ಮೇಲಿನಿಂದ ಅವರ ಮಾತು ತುಂಡು ತುಂಡಾಗಿ ಬೀಳುತ್ತಿತ್ತು.

"...ಚಿಲಕ ಎರಡ ಅದಾವು, ಒಂದು ಒಳಗ, ಒಂದು ಮ್ಯಾಲ. ಮ್ಯಾಲಿಂದು ಹಾಕಾಕ ಸ್ವಲ್ಪ ಕದಾ ಎತ್ತಬೇಕು ನೋಡ, ಹಿಂಗ."

"ರೊಟ್ಟಿ ಬಡೀಬಹುದೇನ್ರಿ ಅತ್ತಿ ಇಲ್ಲೆ?"

"ಬಡಿ ಯವ್ವಾ, ಯಾರ ಬ್ಯಾಡಂತಾರ! ನನಗೊಂದು ಕೊಡು. ಗ್ಯಾಸಿನ ಮ್ಯಾಲ ಸುಟ್ಟು ಸುಟ್ಟು ನನ್ನವು ಹಪ್ಪಳಾಗ್ತಾವು."

ಸೌಂದರ್ಯಾ ನಕ್ಕಳು. ಊರು ಬಿಟ್ಟ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ನಗುವನ್ನು ಕೇಳುತ್ತ ಧರ್ಮರಾಜನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕೊನೆಯ ಗುಟುಕು ಕುಡಿದ. ಎದ್ದ. ನಳ ತಿರುಗಿಸಿ ಕಪ್ಪನ್ನು ಒಳಗೆ ಹೊರಗೆ ತಿಕ್ಕಿ ತೊಳೆದ. ಒಗೆಯುವ ಕಲ್ಲಿನ ಅಂಚಿಗೆ ಬೋರಲು ಹಾಕಿದ. ಕೈಯ ನೀರನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ತಿರುಗಿದರೆ ಇಂದುಬಾಯಿ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದಳು.

ಆಕೆ ಕಪ್ಪನ್ನು ನೋಡಿದಳು. ಅವನನ್ನು ನೋಡಿದಳು. ಮತ್ತೆ ಕಪ್ಪನ್ನು ನೋಡಿದಳು.

ಯಾವ ಗೌಡನೂ ಬೇರೆಯವರ ಮನೆಯಲ್ಲಿ ಚಹಾ ಕುಡಿದು ಕಪ್ಪು ತೊಳೆದಿಡುವುದಿಲ್ಲ. ಸಾಲೋಟಗಿಯಲ್ಲಿ ಹುಟ್ಟಿದವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇಲ್ಲೇ ನಿಂದರ್ರಿ, ಬಂದೆ," ಎಂದು ಆಕೆ ಗಡಬಡಿಸಿ ಒಳಗೆ ಹೋದಳು.

ಕಾರ್ಡು ನೋಡಿದ ಹಿರಿಯನೂ ಹೀಗೆಯೇ ಒಳಗೆ ಹೋಗಿದ್ದ. ಇನ್ನೀಗ ಆಕೆ ಹೊರಗೆ ಬಂದು ಏನಾದರೊಂದು ಹೇಳುತ್ತಾಳೆ. ತಂಗಿಯ ಮಗಳು ಅನ್ನಬಹುದು, ಸುಣ್ಣ ಬಳಿಸುವುದಿದೆ ಅನ್ನಬಹುದು. ಇಲ್ಲವೆ ನಮ್ಮ ಕಡೆಯ ಮಾತಿನಲ್ಲೇ, ಚಾಳಿಗೆಲ್ಲ ಕೇಳುವ ಹಾಗೆ, ಗೌಡ ಅಂತ ಸುಳ್ಳು ಹೇಳಿ ಮನೆ ಹೊಗಾಕ ಬಂದಿದ್ಯಾ ಎಂದರೆ? ಮಗಳು ಮೆಟ್ಟಿಲಿಳಿಯುತ್ತಿದ್ದಳು. ಅವಳ ಮುಖದ ಮೇಲೆ ನಗು ಇನ್ನೂ ಇತ್ತು. ಅದು ಆರುವುದನ್ನು ಮತ್ತೊಮ್ಮೆ ನಿಂತು ನೋಡುವ ತಾಕತ್ತು ಅವನಲ್ಲಿರಲಿಲ್ಲ.

"ನಡಿ," ಎಂದು ಚೀಲ ಎತ್ತಿಕೊಂಡ.

"ಯಾಕಪಾ? ಖೋಲಿ ಛಲೋ ಐತಿ. ಅತ್ತಿ ಏನೂ..."

"ನಡಿ ಅಂದ್ರ ನಡಿ."

ಅವನು ಚಾಳಿನ ಓಣಿಯಲ್ಲಿ ಬಿರಬಿರನೆ ನಡೆದ. ಹಿಂದೆ ಯಾರೋ ಕೂಗಿದಂತಾಯಿತು. ತಿರುಗಲಿಲ್ಲ. ಮಗಳು ಹಿಂದೆ ಬರುತ್ತಿದ್ದಾಳೆಂಬುದು ಅವಳ ಚಪ್ಪಲಿಯ ಸಪ್ಪಳದಿಂದ ಗೊತ್ತಾಗುತ್ತಿತ್ತು, ಅಷ್ಟೇ ಸಾಕಾಗಿತ್ತು. ಬಸ್ಸಿನಲ್ಲಿ ಕೂತ ಮೇಲೆ ಅವಳು ಒಂದೂ ಮಾತು ಕೇಳಲಿಲ್ಲ. ಅವಳು ಕೇಳಿದ್ದರೆ ಏನು ಹೇಳುವುದೆಂದು ಅವನು ದಾರಿಯುದ್ದಕ್ಕೂ ಕೂಡಿಸಿಕೊಂಡ ಮಾತುಗಳೆಲ್ಲ ಹಾಗೆಯೇ ಉಳಿದವು.

ಕಡೆಗೆ ಸಿಕ್ಕಿದ್ದು ಊರಿನ ಆಚೆ ತುದಿಯಲ್ಲಿ. ಕಾಟ್ ಬೇಸಿಸ್ ಎನ್ನುತ್ತಾರೆ ಅಲ್ಲಿ. ಖೋಲಿಯಲ್ಲ, ಖೋಲಿಯೊಳಗಿನ ಒಂದು ಮಂಚಕ್ಕಷ್ಟೇ ಬಾಡಿಗೆ. ಅಂಗಡಿಗಳ ಮೇಲಿನ ಉದ್ದ ಕೋಣೆಯಲ್ಲಿ ಸಾಲಾಗಿ ಮಂಚಗಳು. ಯಾರೂ ಏನನ್ನೂ ಕೇಳಲಿಲ್ಲ; ಹೆಸರನ್ನೂ ಸರಿಯಾಗಿ ಕೇಳಲಿಲ್ಲ. ಅದೇ ದೊಡ್ಡ ಸಮಾಧಾನವೆಂದು ಧರ್ಮರಾಜ ತಿಳಿದ. ಬಾಗಿಲ ಚಿಲಕ ಸಡಿಲಾಗಿದ್ದುದನ್ನು ನೋಡಿದ್ದ. ಮಾಡಿಸುತ್ತೇವೆ ಎಂದಿದ್ದರು.

ಸೌಂದರ್ಯಾ ಪ್ರತಿ ಸಂಜೆ ಬಸ್ಸಿಳಿದ ಕೂಡಲೆ ಫೋನ್ ಮಾಡುತ್ತಿದ್ದಳು. ಸ್ಟಾಪಿನಿಂದ ಆ ಕಟ್ಟಡದವರೆಗೆ ದೀಪವಿಲ್ಲದ ಹಾದಿ, ಪಕ್ಕದಲ್ಲಿ ಮುಗಿಯದ ಕಟ್ಟಡಗಳು.

"ಅಪ್ಪಾ, ಏನರೆ ಮಾತಾಡಕೋತ ಇರು. ನಾ ಮುಟ್ಟೂತನಕಾ."

ಅದು ಅವನು ಕೆಳಗಿನ ಓಣಿಗೆ ನೀರು ಬಿಡುವ ಹೊತ್ತು. ಮಾತಾಡು ಎಂದರೆ ಮಾತು ಎಲ್ಲಿಂದ ಬರಬೇಕು? "ಈಗ ಲಕ್ಕವ್ವಾಯಿ ಓಣಿ ವಾಲ್ವ್ ತಗದೆ ನೋಡು. ಹೊಲಿಗಿ ಮಶೀನಿನವ್ರ ಮನಿ ಮುಂದ ಪೈಪ್ ಸೋರಾಕತ್ತೈತಿ. ದುರ್ಗವ್ವ ಬಿಂದಿಗಿ ತಗೊಂಡು ಬೈಕೋತ ಬಂದಾಳ, ಕೇಳು ಬೇಕಾದ್ರ," ಎಂದು ಫೋನನ್ನು ಆಚೆ ಹಿಡಿಯುತ್ತಿದ್ದ. ದುರ್ಗವ್ವನ ಬೈಗುಳ ಪುಣೆಯ ಕತ್ತಲೆಯಲ್ಲಿ ನಡೆಯುವ ಹುಡುಗಿಯ ಕಿವಿಗೆ ಬೀಳುತ್ತಿತ್ತು. ಅವಳು, "ಮುಟ್ಟಿದೆ, ಇಡು," ಅನ್ನುವವರೆಗೆ ಅವನು ಊರಿನ ಎಲ್ಲ ನಳಗಳ ಸುದ್ದಿ ಹೇಳುತ್ತಿದ್ದ. ಒಂದೊಂದು ದಿನ ನೀರು ಬಂದು, ನಿಂತು, ಮಂದಿ ಒಳಗೆ ಹೋದರೂ ಅವಳು ಮುಟ್ಟಿರುತ್ತಿರಲಿಲ್ಲ.

ಲ್ಯಾಬಿನ ಕೆಲಸ ಸಂಜೆಗೇ ಇರುತ್ತಿತ್ತು. ಕತ್ತಲಾಗುತ್ತದೆಂದು ಅವಳು ಮೊದಮೊದಲು ಅರ್ಧಕ್ಕೆ ಎದ್ದು ಬಂದಳು, ಆಮೇಲೆ ಹೋಗುವುದನ್ನೇ ಕಡಿಮೆ ಮಾಡಿದಳು. ಚಿಲಕ ಹಾಗೆಯೇ ಇತ್ತು. ಮೇಲಿನ ನೀರಿನ ಟಾಕಿ ನೋಡಬೇಕೆಂದು ಮಾಲೀಕನ ತಮ್ಮ ಹೇಳದೆ ಕೇಳದೆ ಒಳಗೆ ಬರುತ್ತಿದ್ದ. ದೀಪಾವಳಿಗೆ ಉಳಿದ ಹುಡುಗಿಯರು ಊರಿಗೆ ಹೋಗಿ, ಅವಳೊಬ್ಬಳೇ ಇದ್ದ ಮಧ್ಯಾಹ್ನವೂ ಬಂದ. ಮರುದಿನ ಬೆಳಿಗ್ಗೆ ಸೌಂದರ್ಯಾ ಮಸೂತಿಯ ಮನೆಯ ಬಾಗಿಲಲ್ಲಿ ನಿಂತಿದ್ದಳು. "ಏನೂ ಆಗಿಲ್ಲಪ್ಪಾ," ಎಂದಳು. "ನಾ ಕೂಗಿದೆ, ಕೆಳಗಿನ ಅಂಗಡಿಯವ್ರು ಬಂದ್ರು. ಏನೂ ಆಗಿಲ್ಲ." ಗುಂಡವ್ವ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಧರ್ಮರಾಜ ಹೊರಗೆ ಕಟ್ಟೆಯ ಮೇಲೆ ಕೂತೇ ಇದ್ದ. ಆವತ್ತು ಊರಿಗೆ ನೀರು ತಡವಾಗಿ ಬಂತು.

ಮತ್ತೆ ಹೋಗು ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಹೋಗುತ್ತೇನೆ ಎಂದು ಅವಳೂ ಅನ್ನಲಿಲ್ಲ. ಪರೀಕ್ಷೆ ತಪ್ಪಿತು, ಕಾಲೇಜಿನ ಪಟ್ಟಿಯಿಂದ ಹೆಸರು ಹೋಯಿತು. ಬಾಗೇವಾಡಿಯ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸಲು ಸೇರಿಕೊಂಡಳು. ಪುಣೆಯ ಹತ್ತಿರದ ಘಾಟಿನಿಂದ ಕಾಲೇಜಿನವರ ಜೊತೆ ಹೋದಾಗ ಆರಿಸಿ ತಂದಿದ್ದ ಕಲ್ಲುಗಳನ್ನು ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದಳು. ಕರಿಕಲ್ಲಿನ ಹೊಟ್ಟೆಯಲ್ಲಿ ಉಪ್ಪಿನಂಥ ಬಿಳಿ ಹರಳು. ಬೇಸಿಗೆಯಲ್ಲಿ ಮೆಣಸಿನಕಾಯಿ ಒಣಹಾಕುವಾಗ ಕೆಳಗೆ ಹಾಸಿದ ತಾಡಪತ್ರಿ ಗಾಳಿಗೆ ಹಾರದಿರಲೆಂದು ಗುಂಡವ್ವ ಅವನ್ನೇ ತಂದು ಮೂಲೆಗಳಿಗೆ ಇಟ್ಟಳು. ಮಗಳು ನೋಡಿದಳು. ಬೇಡ ಅನ್ನಲಿಲ್ಲ.

ಆ ಬೇಸಿಗೆಯಲ್ಲೇ ಸಾಲೋಟಗಿಯಲ್ಲಿ ಗುಂಡವ್ವನ ಅಕ್ಕನ ಮಗ ಅನಿಲಕುಮಾರ ಹೊಸ ಮನೆ ಕಟ್ಟಿ ಎಲ್ಲರನ್ನೂ ಕರೆದ. ಅವನು ಇಂಡಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ, ರಸ್ತೆಯಲ್ಲಿ ಹೋಗುವವರಿಗೂ ಕಾಣುವಂತೆ ಬುದ್ಧನದೂ ಬಾಬಾಸಾಹೇಬರದೂ ದೊಡ್ಡ ಫೋಟೋಗಳು. ಬುದ್ಧವಂದನೆ ಮುಗಿದು ಊಟದ ಪಂಕ್ತಿ ಕೂತಿತ್ತು. ಧರ್ಮರಾಜನ ಎಲೆಗೆ ಹುಗ್ಗಿ ಬಡಿಸಲು ಬಗ್ಗಿದ ಹೆಂಗಸು ಸೌಟು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದಳು.

"ಮಸೂತಿ ಗೌಡ್ರಲ್ರಿ ನೀವು?"

ಅವನು ತಲೆಯೆತ್ತಿದ. ಪಕ್ಕದಲ್ಲಿ ಕೂತವರು ನಕ್ಕರು. "ಗೌಡ್ರಾ! ಎಲ್ಲಿ ಗೌಡ್ರು ಇಂದುಬಾಯಿ? ಇಂವ ನಮ್ಮ ಧರ್ಮಣ್ಣ. ಗುಂಡಕ್ಕನ ಗಂಡ."

ಇಂದುಬಾಯಿ ನಗಲಿಲ್ಲ. "ನಿಮ್ಮ ಊಟಾ ಆಗ್ಲಿ," ಎಂದಷ್ಟೇ ಹೇಳಿ ಮುಂದೆ ಬಡಿಸುತ್ತ ಹೋದಳು.

ಕೈತೊಳೆಯಲು ಹಿತ್ತಲಿಗೆ ಹೋದಾಗ ಆಕೆ ಅಲ್ಲಿ ಕಾಯುತ್ತಿದ್ದಳು. ತಾನೇ ತಂಬಿಗೆಯಿಂದ ಅವನ ಕೈಗೆ ನೀರು ಹಾಕಿದಳು.

"ನೀವು ಗೌಡ್ರು ಅಂದಾಗ ನನಗ ಎದಿ ಧಸಕ್ಕಂತ್ರಿ ಅಣ್ಣಾ. ಹಿಂದ ಒಬ್ಬಾಕಿ ಹಂಗ ದೊಡ್ಡ ಮಂದಿ ಹುಡುಗಿ ಇದ್ಲು. ಒಳಗಿನ ಖೋಲ್ಯಾಗಿನ ಬಾಬಾಸಾಹೇಬರ ಫೋಟೋ ನೋಡಿದ್ದ ದಿನಾನ ಗಂಟು ಕಟ್ಟಿದ್ಲು. ನಾ ಕೊಟ್ಟಿದ್ದ ನೀರಿನ ಕೊಡಾ ಮೆಟ್ಟಲಾ ಮ್ಯಾಲ ಚೆಲ್ಲಿ ಹ್ವಾದ್ಲು. ಅದಕ್ಕ ನಿಮಗ ಇಲ್ಲ ಅನ್ನೂದು ಹ್ಯಾಂಗ ಅಂತ ಮ್ಯಾಲ ಖೋಲಿ ತೋರಸ್ಕೋತನ ವಿಚಾರ ಮಾಡಾಕತ್ತಿದ್ದೆ. ಕೆಳಗ ಬಂದು ನೋಡಿದ್ರ ಕಪ್ಪು ಡಬ್ಬ ಹಾಕೀರಿ."

ಧರ್ಮರಾಜ ಒದ್ದೆ ಕೈಯನ್ನು ನೋಡಿಕೊಳ್ಳುತ್ತ ನಿಂತ.

"ನಮ್ಮಪ್ಪ ಹಂಗ ಇಡ್ತಿದ್ದ. ಇಲ್ಲೇ, ಈ ಊರಾಗನ. ಅಯ್ಯ ಇಂವ ನಮ್ಮಂವಾ ಅಂತ ಗೊತ್ತಾತು. ಕೀಲಿ ತರಾಕ ಒಳಗ ಹ್ವಾದೆ. ಹೊರಗ ಬರೂದ್ರಾಗ ನೀವಿಲ್ಲ. ಬರಿಗಾಲೀಲೆ ಮೂಲೀತನಕಾ ಓಡಿ ಬಂದೆ, ಕೂಗಿದೆ. ಎಷ್ಟು ಜೋರು ನಡದ್ರಿ ನೀವು! ಯಾಕ್ರಿ ಹಂಗ ಓಡಿದ್ರಿ?"

"ನೀವು ಇಲ್ಲ ಅಂತೀರಿ ಅಂತ..." ಅವನು ಕೈಯನ್ನು ಧೋತರಕ್ಕೆ ಒರೆಸಿಕೊಂಡ.

"ನಂದೂ ತಪ್ಪೈತಿ ಬಿಡ್ರಿ. ಫೋಟೋ ಒಳಗ ಮುಚ್ಚಿಟ್ಟಾಕಿ ನಾನು. ಹೊರಗಿನ ಖೋಲ್ಯಾಗ ಇಟ್ಟಿದ್ರ ನೀವು ಬಾಗಲದಾಗ ಜೈಭೀಮ್ ಅಂತಿದ್ರಿ, ಮುಗದ ಹೋಗ್ತಿತ್ತು." ಆಕೆ ಪಡಸಾಲೆಯ ಕಡೆಗೊಮ್ಮೆ ನೋಡಿದಳು. "ಕಾಸಿಂಸಾಬಗ ದಿನಾ ಹೇಳ್ತಿದ್ದೆ, ಆ ಹುಡುಗಿ ಕಾಲೇಜಿನ ಗೇಟಿಗೆ ಬಂದ್ರ ಕರಕೊಂಡು ಬಾ ಅಂತ. ಅಂವ ಗಾಡಿ ಬ್ಯಾರೆ ಕಡೆ ಹಚ್ಚಿದ್ದ, ಸಿಗಲೇ ಇಲ್ಲಂತ. ದೀಪಾವಳಿತನಕಾ ಖೋಲಿ ಖಾಲಿ ಇಟ್ಟೆ. ಹೆಂಗ ಓದಾಕತ್ತಾಳ್ರಿ? ಛಲೋ ಖೋಲಿ ಸಿಕ್ತಲ್ರಿ?"

ದೀಪಾವಳಿಯವರೆಗೆ. ಆ ಮಾತು ಅವನೊಳಗೆ ಎಲ್ಲೋ ಹೋಗಿ ಬಿತ್ತು. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅದು ಸುಲಭವೂ ಇತ್ತು, ಆಕೆಗೂ ಹಗುರವಾಗುತ್ತಿತ್ತು.

"ಇಲ್ರಿ ಅಕ್ಕಾ," ಅಂದ. "ಮನ್ಯಾಗ ಅದಾಳ್ರಿ. ಬಿಟ್ಟ ಬಂದ್ಲು."

ಇಂದುಬಾಯಿ ಯಾಕೆ ಎಂದು ಕೇಳಲಿಲ್ಲ. ಹೆಣ್ಣುಮಕ್ಕಳಿಗೆ ಖೋಲಿ ಕೊಡುವವಳಿಗೆ ಆ ಯಾಕೆ ಗೊತ್ತಿತ್ತು. ಆಕೆ ತನ್ನ ಫೋನಿನ ನಂಬರು ಹೇಳಿ, ಅವನು ಅದನ್ನು ಒತ್ತಿಕೊಳ್ಳುವವರೆಗೆ ಬಿಡಲಿಲ್ಲ. "ಈಗಿರೂ ಹುಡುಗಿ ಮುಂದಿನ ತಿಂಗಳ ಖೋಲಿ ಬಿಡ್ತಾಳ. ಹೇಳ್ರಿ ಅಕಿಗೆ."

ಮನೆಗೆ ಬಂದು ಹೇಳಲು ಅವನಿಗೆ ಎರಡು ದಿನ ಹಿಡಿಯಿತು. ಸೌಂದರ್ಯಾ ಅಂಗಳದಲ್ಲಿ ಮೆಣಸಿನಕಾಯಿ ಕೂಡಿಸುತ್ತಿದ್ದಳು. ಅವನು ಎದುರಿಗೆ ಕುಕ್ಕರಗಾಲಲ್ಲಿ ಕೂತು, ತಾನೂ ಒಂದೊಂದೇ ಕಾಯಿ ಎತ್ತಿ ಬುಟ್ಟಿಗೆ ಹಾಕುತ್ತ, ಸಾಲೋಟಗಿಯ ಹಿತ್ತಲಲ್ಲಿ ನಡೆದ ಮಾತನ್ನೆಲ್ಲ ಹೇಳಿದ. ಕಪ್ಪಿನ ಮಾತನ್ನೂ ಹೇಳಿದ. ಅವಳ ಕೈ ನಿಲ್ಲಲಿಲ್ಲ.

"ಗೊತ್ತಿತ್ತಪಾ," ಅಂದಳು.

"ಏನ ಗೊತ್ತಿತ್ತು?"

"ಅತ್ತಿ ಮೂಲೀಗೆ ಬಂದು ನಿಂತಿದ್ದು. ನಾ ತಿರುಗಿ ನೋಡಿದ್ದೆ. ಕೈ ಎತ್ತಿ ಏನೋ ತೋರಸಾಕತ್ತಿದ್ಲು. ಕೀಲಿ ಅಂತ ತಿಳೀಲಿಲ್ಲ ನನಗ."

"ಮತ್ತ... ಹೇಳಬಾರದಾಗಿತ್ತೇನವ್ವಾ ನನಗ?"

ಅವಳು ಬುಟ್ಟಿಯನ್ನು ಒಮ್ಮೆ ಕುಲುಕಿದಳು. ಕಾಯಿಗಳು ಕೆಳಗೆ ಕೂತವು. "ಬೈಯಾಕ ಬಂದಾಳ ಅಂತ ಮಾಡಿದೆ. ಮೂರು ಮನ್ಯಾಗ ನೀ ಅನ್ನಿಸ್ಕೊಂಡಿದ್ದು ನೋಡಿದ್ದೆ. ಮತ್ತ ನಿಂತು ಅನ್ನಿಸ್ಕೊಳ್ಳೂದು ಬ್ಯಾಡ ನಿನಗ ಅಂತ ಸುಮ್ನಾದೆ. ಜೋರು ಜೋರು ನಡದೆ, ನೀ ತಿರುಗಿ ನೋಡಬಾರದು ಅಂತ."

ಒಳಗೆ ಗುಂಡವ್ವ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಅದು ನಿಂತಿತು, ಆಕೆಯೂ ಕೇಳಿಸಿಕೊಳ್ಳುತ್ತಿದ್ದಳು.

"ಖೋಲಿ ಖಾಲಿ ಆಗ್ತೈತಂತ ಮುಂದಿನ ತಿಂಗಳು," ಅಂದ ಧರ್ಮರಾಜ.

"ಆಗ ಸೀಟ್ ಇತ್ತು, ಖೋಲಿ ಇರ್ಲಿಲ್ಲ. ಈಗ ಖೋಲಿ ಐತಿ, ಸೀಟ್ ಇಲ್ಲ." ಸಿಟ್ಟಿನಿಂದ ಹೇಳಿದ್ದಲ್ಲ, ಮಕ್ಕಳಿಗೆ ಪಾಠ ಹೇಳುವಷ್ಟೇ ಸಮಾಧಾನದಿಂದ ಹೇಳಿದಳು. ಬುಟ್ಟಿ ಪಕ್ಕಕ್ಕಿಟ್ಟು, "ನಂಬರ್ ಕೊಡು, ಇಟ್ಕೋತೇನಿ. ಅತ್ತಿ ಜೋಡಿ ಒಂದು ಸಲ ಮಾತಾಡ್ತೇನಿ," ಅಂದಳು. ತಾಡಪತ್ರಿಯ ನಾಲ್ಕೂ ಮೂಲೆಯ ಕಲ್ಲುಗಳನ್ನು ಎತ್ತಿ, ಮೆಣಸಿನಕಾಯಿಯ ಘಾಟು ಹೋಗುವಂತೆ ನಳದ ಕೆಳಗೆ ಒಂದೊಂದನ್ನೇ ತೊಳೆದಳು. ಒಳಗೆ ಒಯ್ದಳು.

ಮರುದಿನ ಗೌಡರ ಓಣಿಗೆ ನೀರಿನ ಪಾಳಿ. ಧರ್ಮರಾಜ ವಾಲ್ವು ತಿರುಗಿಸಿ ಅವರ ನಳ ನೋಡಲು ಹೋದ. ಗೌಡರು ಅದೇ ಹೊರಸಿನ ಮೇಲೆ ಕೂತಿದ್ದರು. ಮಗಳು ಪುಣೆ ಬಿಟ್ಟ ಸುದ್ದಿಯನ್ನು ಅವನು ಅವರಿಗೆ ಈವರೆಗೆ ಹೇಳಿರಲಿಲ್ಲ.

"ಧರ್ಮಾ, ನಮ್ಮ ಬೋರಿಗೆ ಪಾಯಿಂಟ್ ಯಾವಾಗ ತೋರಸ್ತಾಳಪಾ ನಿನ್ನ ಮಗಳು? ಕಾಯಕೋತ ಕುಂತೇನಿ ನಾ."

"ಇಲ್ರಿ. ಅಕಿ ಬಾಗೇವಾಡ್ಯಾಗ ಸಾಲಿ ಕಲಸ್ತಾಳ್ರಿ."

"ಅಯ್ಯ, ಪುಣೆ ಬಿಟ್ಲೇನು? ಯಾಕ?"

"ಖೋಲಿ ಸಿಗಲಿಲ್ರಿ."

"ಅ‌ಷ್ಟು ದೊಡ್ಡ ಊರಾಗ ಒಂದು ಖೋಲಿ ಸಿಗಲಿಲ್ಲಾ!" ಗೌಡರು ನಿಜಕ್ಕೂ ಮರುಗಿದರು. ಒಳಗೆ ತಿರುಗಿ ಚಹಾ ತರಲು ಕೂಗಿದರು.

"ಬ್ಯಾಡ್ರಿ ಗೌಡ್ರ. ಮನ್ಯಾಗ ಈಗ ಕುಡದು ಬಂದೇನಿ."

ಕುಡಿದಿರಲಿಲ್ಲ. ಗೂಡಿನಲ್ಲಿ ಕಪ್ಪು ಅವನು ಹಿಂದಿನ ಸಲ ಇಟ್ಟ ಹಾಗೆಯೇ ಬೋರಲಾಗಿತ್ತು. ನಳಕ್ಕೆ ನೀರು ಏರಿ ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು ಬಂತು. ಅದನ್ನು ನೋಡಿಕೊಂಡು ಅವನು ಮುಂದಿನ ಓಣಿಗೆ ಹೋದ. ಸಂಜೆ ಕೆಳಗಿನ ಓಣಿಯ ವಾಲ್ವು ತೆಗೆಯುವಾಗ ಕೈ ಎಂದಿನಂತೆ ಅಂಗಿಯ ಜೇಬಿನ ಫೋನಿಗೆ ಹೋಯಿತು. ದುರ್ಗವ್ವ ಬಿಂದಿಗೆ ಹಿಡಿದು ಬೈಯುತ್ತ ಬರುತ್ತಿದ್ದಳು. ಅದನ್ನು ಕೇಳಬೇಕಾದವಳು ಬಾಗೇವಾಡಿಯ ಬಸ್ಸಿಳಿದು ಹಗಲ ಬೆಳಕಿನಲ್ಲೇ ಮನೆ ಮುಟ್ಟಿಯಾಗಿತ್ತು.